ಅಮೆರಿಕದ ಸಂಬಳದಲ್ಲಿ ಕೈಗೆ ಬರುವುದೆಷ್ಟು: ಫೆಡರಲ್ ಮತ್ತು ರಾಜ್ಯ ತೆರಿಗೆ ಕಳೆದು ಲೆಕ್ಕ ಹಾಕುವ ಕ್ರಮ

ಅಮೆರಿಕದಲ್ಲಿ ಕೆಲಸ ಸಿಕ್ಕವರಿಗೆ ಮೊದಲು ಸಿಗುವ ಉಪದೇಶವೆಂದರೆ, ‘ಸಂಬಳದಲ್ಲಿ ಮೂರನೇ ಒಂದು ಭಾಗ ತೆರಿಗೆಗೆ ಹೋಗುತ್ತದೆ, ಉಳಿದದ್ದು ನಿಮ್ಮದು’ ಎಂಬ ಮಾತು. ಈ ಅಂದಾಜನ್ನು ನಂಬಿ ಮನೆ ಬಾಡಿಗೆಯ ಕರಾರಿಗೆ ಸಹಿ ಹಾಕುವುದು ಸರಿಯಲ್ಲ. ಒಂದೇ ಸಂಬಳ ಪಡೆಯುವ ಇಬ್ಬರಲ್ಲಿ ಒಬ್ಬರು ಟೆಕ್ಸಾಸ್‌ನಲ್ಲಿಯೂ ಇನ್ನೊಬ್ಬರು ಕ್ಯಾಲಿಫೋರ್ನಿಯಾದಲ್ಲಿಯೂ ಇದ್ದರೆ, ಅವರ ಕೈಗೆ ಬರುವ ಹಣದಲ್ಲಿ ತಿಂಗಳಿಗೆ ಆರುನೂರು ಡಾಲರ್‌ಗೂ ಹೆಚ್ಚಿನ ವ್ಯತ್ಯಾಸವಿರಬಹುದು. ವೀಸಾ ಬದಲಾದ ಒಂದೇ ಕಾರಣಕ್ಕೆ, ಸಂಬಳ ಒಂದು ಡಾಲರ್ ಕೂಡ ಕಡಿಮೆಯಾಗದಿದ್ದರೂ, ಕೈಗೆ ಬರುವ ಮೊತ್ತ ಕುಸಿಯಬಹುದು. ಶೇಕಡಾವಾರು ಊಹೆಯನ್ನು ಬಿಟ್ಟು, ಕಾಗದ ಪೆನ್ನು ಹಿಡಿದು ಅರ್ಧ ಗಂಟೆ ಕುಳಿತರೆ, ಸಾಕಷ್ಟು ನಿಖರವಾದ ಲೆಕ್ಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದಕ್ಕೆ ಮುಖ್ಯವಾಗಿ ತಿಳಿದಿರಬೇಕಾದ ವಿಷಯ ಒಂದೇ: ಸಂಬಳದಿಂದ ಕಡಿತವಾಗುವ ಬೇರೆ ಬೇರೆ ತೆರಿಗೆಗಳು ಒಂದೇ ಮೊತ್ತದ ಮೇಲೆ ಬೀಳುವುದಿಲ್ಲ, ಪ್ರತಿಯೊಂದಕ್ಕೂ ತನ್ನದೇ ಆದ ಮೂಲ ಮೊತ್ತವಿದೆ.

ಭಾರತದಲ್ಲಿ ದುಡಿದವರಿಗೆ ಇದು ಹೊಸದೆನಿಸುವುದು ಸಹಜ. ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ಕರ್ನಾಟಕ ಸರ್ಕಾರ ಸಂಬಳದಿಂದ ಪಡೆಯುವುದು ವೃತ್ತಿ ತೆರಿಗೆಯನ್ನು ಮಾತ್ರ, ಅದೂ ಸಂವಿಧಾನದ 276ನೇ ವಿಧಿಯ ಪ್ರಕಾರ ವರ್ಷಕ್ಕೆ 2,500 ರೂಪಾಯಿಯನ್ನು ಮೀರುವಂತಿಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ, ಅಂದರೆ ಫೆಡರಲ್, ತೆರಿಗೆಯ ಜೊತೆಗೆ ಹೆಚ್ಚಿನ ರಾಜ್ಯಗಳಿಗೆ ತಮ್ಮದೇ ಆದಾಯ ತೆರಿಗೆ ಕಾಯಿದೆ ಇದೆ, ಕೆಲವು ನಗರಗಳಿಗೂ ಇದೆ.

ಬೇರೆ ವರ್ಷವನ್ನು ಹೆಸರಿಸದ ಕಡೆ ಇಲ್ಲಿರುವ ಅಂಕಿಗಳೆಲ್ಲ 2025ರ ತೆರಿಗೆ ವರ್ಷಕ್ಕೆ ಸೇರಿದವು. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ತೆರಿಗೆ ದರದ ಹಂತಗಳ ಮಿತಿಗಳು ಪ್ರತಿ ವರ್ಷ ಸ್ವಲ್ಪ ಏರುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಒಟ್ಟು ಸಂಬಳವನ್ನು ಸರಿಯಾಗಿ ಗುರುತಿಸುವುದು

ನೇಮಕಾತಿ ಪತ್ರದಲ್ಲಿರುವ ಮೂಲ ವಾರ್ಷಿಕ ಸಂಬಳವನ್ನು ಮಾತ್ರ ತೆಗೆದುಕೊಳ್ಳಿ. ಬೋನಸ್, ಸೇರ್ಪಡೆಯ ಮೊತ್ತ, ಷೇರುಗಳು ಇವನ್ನು ಬೇರೆಯಾಗಿ ಬರೆದಿಡಿ. ತಿಂಗಳ ಖರ್ಚಿನ ಲೆಕ್ಕಕ್ಕೆ ಅವನ್ನು ಸೇರಿಸಬಾರದು. ಭಾರತದ ಸಿಟಿಸಿಯಲ್ಲಿ ಮಾಲೀಕರು ಕಟ್ಟುವ ಭವಿಷ್ಯ ನಿಧಿಯ ಪಾಲೂ ಸೇರಿರುವುದುಂಟು. ಅಮೆರಿಕದ ಪತ್ರದಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಯೋಜನೆ) ಮತ್ತು ಮೆಡಿಕೇರ್‌ಗೆ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕಂಪನಿ ಕಟ್ಟುವ ಪಾಲು ನಿಮ್ಮ ಸಂಬಳದಿಂದ ಹೊರಗಿರುತ್ತದೆ.

ಗಂಟೆಯ ದರದಲ್ಲಿ ಕೆಲಸ ಒಪ್ಪಿಕೊಂಡವರು ದರವನ್ನು 2,080ರಿಂದ ಗುಣಿಸುತ್ತಾರೆ. ಇದು ವಾರಕ್ಕೆ 40 ಗಂಟೆಯಂತೆ 52 ವಾರಗಳ ಲೆಕ್ಕ. ಗಂಟೆಗೆ 60 ಡಾಲರ್ ಎಂದರೆ ವರ್ಷಕ್ಕೆ 1,24,800 ಡಾಲರ್ ಆಗುವುದು ಹೀಗೆ. ಆದರೆ ರಜೆಯ ದಿನಗಳಿಗೆ ಸಂಬಳವಿಲ್ಲದ ಕರಾರಾಗಿದ್ದರೆ ಆ ಗಂಟೆಗಳನ್ನು ಮೊದಲೇ ಕಳೆಯಬೇಕು. ಹತ್ತು ಸರ್ಕಾರಿ ರಜೆ ಮತ್ತು ಊರಿಗೆ ಹೋಗಿಬರುವ ಮೂರು ವಾರ ಸೇರಿದರೆ 200 ಗಂಟೆ, ಅಂದರೆ 12,000 ಡಾಲರ್, ಆಗಲೇ ಕಡಿಮೆಯಾಗಿರುತ್ತದೆ.

ಎರಡನೇ ಹೆಜ್ಜೆ: ತೆರಿಗೆಗೆ ಮೊದಲೇ ಹೋಗುವ ಕಡಿತಗಳು

ಕೆಲವು ಕಡಿತಗಳು ತೆರಿಗೆ ಲೆಕ್ಕಕ್ಕಿಂತ ಮೊದಲು ನಡೆಯುತ್ತವೆ. ಅವುಗಳಲ್ಲಿ ದೊಡ್ಡವು ಎರಡು: ಕಂಪನಿಯ ಮೂಲಕ ಪಡೆಯುವ ಆರೋಗ್ಯ ವಿಮೆಯ ಕಂತು ಮತ್ತು 401(ಕೆ) ನಿವೃತ್ತಿ ಉಳಿತಾಯ. ಇವೆರಡರ ಸ್ವಭಾವ ಒಂದೇ ಅಲ್ಲ. ವಿಮೆಯ ಕಂತು ಸಾಮಾನ್ಯವಾಗಿ ಆದಾಯ ತೆರಿಗೆಯ ಮೊತ್ತವನ್ನೂ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯ ಮೊತ್ತವನ್ನೂ ಕಡಿಮೆ ಮಾಡುತ್ತದೆ. ಸಾಂಪ್ರದಾಯಿಕ 401(ಕೆ)ಗೆ ಹಾಕಿದ ಹಣ ಆದಾಯ ತೆರಿಗೆಯ ಮೊತ್ತವನ್ನು ಮಾತ್ರ ಕಡಿಮೆ ಮಾಡುತ್ತದೆ. ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಆ ಹಣವೂ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಕಟ್ಟಿದ ಹಣವನ್ನೇ ಹಾಕುವ ರಾತ್ 401(ಕೆ) ಆಯ್ದುಕೊಂಡರೆ ಈಗ ಯಾವ ತೆರಿಗೆಯೂ ಕಡಿಮೆಯಾಗುವುದಿಲ್ಲ. ಜನರು ಹಾಕುವ ಲೆಕ್ಕಕ್ಕೂ ಸಂಬಳದ ವಿವರ ಚೀಟಿಯಾದ ಪೇ ಸ್ಟಬ್‌ನಲ್ಲಿ ಕಾಣುವ ಮೊತ್ತಕ್ಕೂ ಹೊಂದಾಣಿಕೆ ಆಗದಿರುವುದಕ್ಕೆ ಬಹುಪಾಲು ಈ ವ್ಯತ್ಯಾಸವೇ ಕಾರಣ.

ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ಸಾಗೋಣ. ಅವಿವಾಹಿತ ಎಂಜಿನಿಯರ್, ತೆರಿಗೆಯ ದೃಷ್ಟಿಯಿಂದ ಇಡೀ ವರ್ಷ ಅಮೆರಿಕದ ನಿವಾಸಿ, ವಾರ್ಷಿಕ ಸಂಬಳ 1,20,000 ಡಾಲರ್. 401(ಕೆ)ಗೆ ಶೇ 6, ಅಂದರೆ 7,200 ಡಾಲರ್. ವಿಮೆಗೆ ತಿಂಗಳಿಗೆ 200 ಡಾಲರ್‌ನಂತೆ ವರ್ಷಕ್ಕೆ 2,400 ಡಾಲರ್. ಹೀಗಾದಾಗ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಮೂಲ ಮೊತ್ತ 1,17,600 ಡಾಲರ್. ಫೆಡರಲ್ ಆದಾಯ ತೆರಿಗೆಯ ಮೂಲ ಮೊತ್ತ 1,10,400 ಡಾಲರ್. ಈ ಎರಡನ್ನೂ ಕಾಗದದ ಮೇಲೆ ಬೇರೆ ಬೇರೆ ಕಡೆ ಬರೆದುಕೊಳ್ಳಿ. ವರ್ಷದ ಕೊನೆಯಲ್ಲಿ ಬರುವ ಡಬ್ಲ್ಯು-2 ಪತ್ರದಲ್ಲಿ, ಅಂದರೆ ನಮ್ಮ ಫಾರ್ಮ್ 16ರ ಸ್ಥಾನದಲ್ಲಿರುವ ದಾಖಲೆಯಲ್ಲಿ, 1ನೇ ಚೌಕದ ಅಂಕಿಗೂ 3ನೇ ಚೌಕದ ಅಂಕಿಗೂ ವ್ಯತ್ಯಾಸವಿರುವುದು ಇದೇ ಕಾರಣಕ್ಕೆ.

ಮೂರನೇ ಹೆಜ್ಜೆ: ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್

ಇವೆರಡನ್ನು ಸೇರಿಸಿ ಫೈಕಾ ಎಂದು ಕರೆಯುತ್ತಾರೆ. ಸೋಷಿಯಲ್ ಸೆಕ್ಯುರಿಟಿ ಶೇ 6.2, ಆದರೆ 2025ರಲ್ಲಿ 1,76,100 ಡಾಲರ್ ಸಂಬಳದವರೆಗೆ ಮಾತ್ರ. 2026ಕ್ಕೆ ಈ ಮಿತಿ 1,84,500. ಮೆಡಿಕೇರ್ ಶೇ 1.45, ಇದಕ್ಕೆ ಮೇಲ್ಮಿತಿಯಿಲ್ಲ. ಸಂಬಳ 2,00,000 ಡಾಲರ್ ದಾಟಿದ ಮೇಲೆ ಹೆಚ್ಚುವರಿ ಶೇ 0.9 ಕಡಿತವಾಗುತ್ತದೆ. ನಮ್ಮ ಉದಾಹರಣೆಯಲ್ಲಿ 1,17,600 ಡಾಲರ್ ಮೇಲೆ ಸೋಷಿಯಲ್ ಸೆಕ್ಯುರಿಟಿ 7,291, ಮೆಡಿಕೇರ್ 1,705, ಒಟ್ಟು ಸುಮಾರು 8,996 ಡಾಲರ್.

ನಮ್ಮವರಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಿ, ಓಪಿಟಿ ಎಂಬ ಪ್ರಾಯೋಗಿಕ ತರಬೇತಿಯ ಅವಧಿಯಲ್ಲಿ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳು ತೆರಿಗೆಯ ದೃಷ್ಟಿಯಿಂದ ಅನಿವಾಸಿಗಳಾಗಿರುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ, ಫೈಕಾ ಕಟ್ಟಬೇಕಾಗಿಲ್ಲ. ಈ ವರ್ಷಗಳ ಎಣಿಕೆಯಲ್ಲಿ ಡಿಸೆಂಬರ್ ಕೊನೆಯಲ್ಲಿ ಬಂದಿಳಿದ ಕೆಲವೇ ದಿನಗಳೂ ಒಂದು ಪೂರ್ಣ ವರ್ಷವೆಂದೇ ಪರಿಗಣಿತವಾಗುತ್ತವೆ. ಕಂಪನಿಯ ಸಂಬಳ ವಿಭಾಗ ಇದನ್ನು ಗಮನಿಸದೆ ಕಡಿತ ಮಾಡಿದ್ದರೆ ಮೊದಲು ಕಂಪನಿಯನ್ನೇ ಕೇಳಬೇಕು. ಅವರು ಮರಳಿಸದಿದ್ದರೆ ಫಾರ್ಮ್ 843 ಮೂಲಕ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಅರ್ಜಿ ಸಲ್ಲಿಸಬಹುದು. ಅದೇ ವ್ಯಕ್ತಿಯ ಎಚ್-1ಬಿ ಕೆಲಸದ ವೀಸಾ ಅಕ್ಟೋಬರ್ 1ರಂದು ಜಾರಿಗೆ ಬಂದರೆ ಅಂದಿನಿಂದಲೇ ಶೇ 7.65 ಕಡಿತ ಶುರುವಾಗುತ್ತದೆ. ವರ್ಷಕ್ಕೆ 80,000 ಡಾಲರ್ ಪಡೆಯುವವರಿಗೆ ಇದು ತಿಂಗಳಿಗೆ 510 ಡಾಲರ್ ಕಡಿಮೆ. ಎಚ್-1ಬಿ ಸಿಕ್ಕ ಸಂತೋಷದಲ್ಲಿ ಹೊಸ ಕಾರಿನ ಸಾಲಕ್ಕೆ ಸಹಿ ಹಾಕುವವರು ಈ ಮೊತ್ತವನ್ನು ಮೊದಲೇ ಕಳೆದು ನೋಡಬೇಕು. ಅಮೆರಿಕಕ್ಕೆ ಅನೇಕ ದೇಶಗಳೊಂದಿಗೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ, ಭಾರತದೊಂದಿಗೆ ಇಲ್ಲ. ಹೀಗಾಗಿ ಕೆಲವೇ ವರ್ಷ ದುಡಿದು ಊರಿಗೆ ಮರಳುವವರಿಗೆ, ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ ಹಣ ಪಿಂಚಣಿಯಾಗಿ ಸಿಗಬೇಕಾದರೆ 40 ಕ್ರೆಡಿಟ್‌ಗಳು, ಸುಮಾರಾಗಿ ಹತ್ತು ವರ್ಷಗಳ ದುಡಿಮೆ, ಬೇಕಾಗುತ್ತದೆ. ಇದು ಸಾವಿರಾರು ಕುಟುಂಬಗಳನ್ನು ತಟ್ಟುವ ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ. ಆದರೂ ಲೆಕ್ಕ ಹಾಕುವಾಗ ಅದನ್ನು ಇದ್ದಂತೆಯೇ ತೆಗೆದುಕೊಳ್ಳಬೇಕು.

ನಾಲ್ಕನೇ ಹೆಜ್ಜೆ: ಫೆಡರಲ್ ಆದಾಯ ತೆರಿಗೆ

1,10,400 ಡಾಲರ್‌ನಿಂದ ಮೊದಲು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆಯಿಲ್ಲದೆ ಬಿಡುವ ನಿಗದಿತ ಮೊತ್ತ, ಕಳೆಯಬೇಕು. 2025ಕ್ಕೆ ಅವಿವಾಹಿತರಿಗೆ ಇದು 15,750 ಡಾಲರ್, ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಗೆ 31,500 ಡಾಲರ್. (2026ಕ್ಕೆ ಕ್ರಮವಾಗಿ 16,100 ಮತ್ತು 32,200.) ಕಳೆದಾಗ ತೆರಿಗೆಗೆ ಒಳಪಡುವ ಆದಾಯ 94,650 ಡಾಲರ್.

ಅವಿವಾಹಿತರಿಗೆ 2025ರ ಹಂತಗಳು ಹೀಗಿವೆ: ಮೊದಲ 11,925 ಡಾಲರ್‌ಗೆ ಶೇ 10, ಅಲ್ಲಿಂದ 48,475ರವರೆಗೆ ಶೇ 12, 1,03,350ರವರೆಗೆ ಶೇ 22, 1,97,300ರವರೆಗೆ ಶೇ 24, 2,50,525ರವರೆಗೆ ಶೇ 32, 6,26,350ರವರೆಗೆ ಶೇ 35, ಅದಕ್ಕೂ ಮೇಲೆ ಶೇ 37. ಜಂಟಿಯಾಗಿ ಸಲ್ಲಿಸುವವರಿಗೆ ಮೊದಲ ಐದು ಹಂತಗಳ ಮಿತಿ ಸರಿಯಾಗಿ ಇದರ ಎರಡರಷ್ಟು.

ನಮ್ಮ ಎಂಜಿನಿಯರ್‌ಗೆ ಮೊದಲ ಹಂತದಲ್ಲಿ 1,192.50, ಎರಡನೆಯದರಲ್ಲಿ 36,550 ಡಾಲರ್‌ಗೆ 4,386, ಮೂರನೆಯದರಲ್ಲಿ ಉಳಿದ 46,175 ಡಾಲರ್‌ಗೆ 10,158.50, ಒಟ್ಟು 15,737 ಡಾಲರ್. ‘ನಾನು ಶೇ 22ರ ಹಂತದಲ್ಲಿದ್ದೇನೆ’ ಎಂಬ ಮಾತಿನ ಅರ್ಥ, ಕೊನೆಯ ಡಾಲರ್‌ಗಳ ಮೇಲೆ ಮಾತ್ರ ಆ ದರ ಬೀಳುತ್ತದೆ ಎಂದು. ಇಡೀ ಸಂಬಳಕ್ಕೆ ಹೋಲಿಸಿದರೆ ಫೆಡರಲ್ ತೆರಿಗೆ ಶೇ 13ರಷ್ಟು ಮಾತ್ರ. ಸಂಬಳ ಹೆಚ್ಚಾಗಿ ಮೇಲಿನ ಹಂತಕ್ಕೆ ಹೋದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಮಕ್ಕಳಿದ್ದವರಿಗೆ ತೆರಿಗೆಯಿಂದಲೇ ನೇರವಾಗಿ ಕಳೆಯುವ ರಿಯಾಯಿತಿ ಇದೆ. 2025ಕ್ಕೆ ಹದಿನೇಳು ವರ್ಷದೊಳಗಿನ ಒಂದು ಮಗುವಿಗೆ 2,200 ಡಾಲರ್‌ವರೆಗೆ. ಆದರೆ ಅದಕ್ಕೆ ಮಗುವಿಗೆ ಕೆಲಸಕ್ಕೆ ಅರ್ಹವಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು. ಎಚ್-4 ಅವಲಂಬಿತರ ವೀಸಾದಲ್ಲಿ ಬಂದ, ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಮಾತ್ರ ಇರುವ ಮಗುವಿಗೆ ಆ ರಿಯಾಯಿತಿ ಸಿಗುವುದಿಲ್ಲ. ಮಗು ಅಲ್ಲಿನ ತೆರಿಗೆ ನಿವಾಸಿಯಾಗಿದ್ದರೆ 500 ಡಾಲರ್‌ನ ಬೇರೊಂದು ರಿಯಾಯಿತಿ ಸಿಗಬಹುದು. ಅಮೆರಿಕದಲ್ಲಿ ಹುಟ್ಟಿದ ತಂಗಿಗೆ ಒಂದು ಲೆಕ್ಕ, ಬೆಂಗಳೂರಿನಲ್ಲಿ ಹುಟ್ಟಿದ ಅಣ್ಣನಿಗೆ ಇನ್ನೊಂದು ಲೆಕ್ಕ ಒಂದೇ ಮನೆಯಲ್ಲಿ ಇರುವುದು ಸಾಮಾನ್ಯ.

ಐದನೇ ಹೆಜ್ಜೆ: ರಾಜ್ಯದ ತೆರಿಗೆ

ಟೆಕ್ಸಾಸ್, ಫ್ಲಾರಿಡಾ, ವಾಷಿಂಗ್ಟನ್, ಟೆನೆಸೀ, ನೆವಾಡ, ನ್ಯೂ ಹ್ಯಾಂಪ್‌ಶೈರ್, ಅಲಾಸ್ಕ, ವಯೋಮಿಂಗ್, ಸೌತ್ ಡಕೋಟ — ಈ ಒಂಬತ್ತು ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಉಳಿದ ಕೆಲವು ರಾಜ್ಯಗಳಲ್ಲಿ ಎಲ್ಲರಿಗೂ ಒಂದೇ ದರ: ಪೆನ್ಸಿಲ್ವೇನಿಯದಲ್ಲಿ ಶೇ 3.07, ಅರಿಜೋನದಲ್ಲಿ 2.5, ಇಲಿನಾಯ್‌ನಲ್ಲಿ 4.95, 2025ರ ನಾರ್ತ್ ಕೆರೊಲೈನದಲ್ಲಿ 4.25. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಫೆಡರಲ್‌ನಂತೆಯೇ ಹಂತಗಳಿವೆ.

ದರವನ್ನು ಮಾತ್ರ ನೋಡಿದರೆ ಸಾಲದು. ರಾಜ್ಯ ಯಾವ ಮೊತ್ತದಿಂದ ಲೆಕ್ಕ ಶುರುಮಾಡುತ್ತದೆ ಎಂಬುದನ್ನೂ ನೋಡಬೇಕು. ಪೆನ್ಸಿಲ್ವೇನಿಯ 401(ಕೆ)ಗೆ ಹಾಕಿದ ಹಣವನ್ನು ಬಿಟ್ಟುಕೊಡುವುದಿಲ್ಲ, ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇಲ್ಲ. ಆರೋಗ್ಯ ಉಳಿತಾಯ ಖಾತೆಯಾದ ಎಚ್‌ಎಸ್‌ಎಗೆ ಫೆಡರಲ್ ಸರ್ಕಾರ ಕೊಡುವ ವಿನಾಯಿತಿಯನ್ನು ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಒಪ್ಪುವುದಿಲ್ಲ.

ನಮ್ಮ ಉದಾಹರಣೆಯನ್ನು ಮೂರು ರಾಜ್ಯಗಳಲ್ಲಿಟ್ಟು ನೋಡೋಣ. ಟೆಕ್ಸಾಸ್‌ನಲ್ಲಿ ಸೊನ್ನೆ. ನಾರ್ತ್ ಕೆರೊಲೈನದಲ್ಲಿ 1,10,400ರಿಂದ ಆ ರಾಜ್ಯದ ಸ್ಟ್ಯಾಂಡರ್ಡ್ ಡಿಡಕ್ಷನ್ 12,750 ಕಳೆದರೆ 97,650. ಅದರ ಶೇ 4.25 ಎಂದರೆ 4,150 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ 5,706 ಡಾಲರ್ ಡಿಡಕ್ಷನ್ ಕಳೆದು, ಶೇ 1ರಿಂದ ಶುರುವಾಗುವ ಹಂತಗಳನ್ನು ದಾಟಿ ಶೇ 9.3ರ ಹಂತಕ್ಕೆ ತಲುಪಿ, ವೈಯಕ್ತಿಕ ರಿಯಾಯಿತಿಯನ್ನೂ ಕಳೆದರೆ ತೆರಿಗೆ ಸುಮಾರು 6,020 ಡಾಲರ್. ಅದರ ಜೊತೆಗೆ ಅಂಗವೈಕಲ್ಯ ವಿಮೆಯ ಹೆಸರಿನಲ್ಲಿ ಎಸ್‌ಡಿಐ ಎಂಬ ಕಡಿತವಿದೆ. 2025ರಲ್ಲಿ ಇದು ಶೇ 1.2, ಮೇಲ್ಮಿತಿಯಿಲ್ಲ, ನಮ್ಮ ಉದಾಹರಣೆಯಲ್ಲಿ 1,411 ಡಾಲರ್.

ನಗರದ ತೆರಿಗೆಯನ್ನು ಮರೆಯಬಾರದು. ನ್ಯೂಯಾರ್ಕ್ ನಗರದ ನಿವಾಸಿಗಳು ರಾಜ್ಯದ ತೆರಿಗೆಯ ಜೊತೆಗೆ ಶೇ 3.078ರಿಂದ 3.876ರವರೆಗಿನ ನಗರ ತೆರಿಗೆ ಕಟ್ಟುತ್ತಾರೆ. ಅಲ್ಲಿ ದುಡಿದು ನ್ಯೂಜೆರ್ಸಿಯಲ್ಲಿ ವಾಸಿಸುವವರಿಗೆ ಅದು ಅನ್ವಯಿಸುವುದಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ, ಮ್ಯಾನ್‌ಹ್ಯಾಟನ್‌ನಲ್ಲಿ ಕಚೇರಿ ಇದ್ದವರು ಮೊದಲು ನ್ಯೂಯಾರ್ಕ್ ರಾಜ್ಯಕ್ಕೆ ತೆರಿಗೆ ಕಟ್ಟಿ, ನ್ಯೂಜೆರ್ಸಿಯಲ್ಲಿ ಅದಕ್ಕೆ ರಿಯಾಯಿತಿ ಪಡೆಯುತ್ತಾರೆ, ಆದ್ದರಿಂದ ಅಂದಾಜಿಗೆ ನ್ಯೂಯಾರ್ಕ್ ರಾಜ್ಯದ ದರವನ್ನೇ ಬಳಸುವುದು ಕ್ಷೇಮ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಗಳ ನಡುವೆ ಪರಸ್ಪರ ಒಪ್ಪಂದವಿದ್ದು ವಾಸಿಸುವ ರಾಜ್ಯಕ್ಕೆ ಮಾತ್ರ ಆದಾಯ ತೆರಿಗೆ ಸಾಕು. ಆದರೆ ಫಿಲಡೆಲ್ಫಿಯ ನಗರದ ಸಂಬಳ ತೆರಿಗೆ ಹೊರಗಿನಿಂದ ಬಂದು ಅಲ್ಲಿ ದುಡಿಯುವವರನ್ನೂ ಬಿಡುವುದಿಲ್ಲ.

ಆರನೇ ಹೆಜ್ಜೆ: ಕಳೆದು, ಸಂಬಳದ ಕಂತುಗಳಿಗೆ ಹಂಚುವುದು

1,20,000ರಿಂದ 401(ಕೆ), ವಿಮೆ, ಫೈಕಾ ಮತ್ತು ಫೆಡರಲ್ ತೆರಿಗೆ ಕಳೆದರೆ 85,667 ಡಾಲರ್ ಉಳಿಯುತ್ತದೆ. ಇದೇ ಟೆಕ್ಸಾಸ್‌ನ ಉತ್ತರ. ನಾರ್ತ್ ಕೆರೊಲೈನದಲ್ಲಿ 81,516. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 78,230. ಟೆಕ್ಸಾಸ್‌ಗೂ ಕ್ಯಾಲಿಫೋರ್ನಿಯಾಕ್ಕೂ ಇರುವ ಅಂತರ ವರ್ಷಕ್ಕೆ 7,400 ಡಾಲರ್‌ಗೂ ಹೆಚ್ಚು. ಇಷ್ಟಕ್ಕೇ ಟೆಕ್ಸಾಸ್ ಅಗ್ಗವೆಂದು ತೀರ್ಮಾನಿಸಬಾರದು. ಮನೆ ಕೊಳ್ಳುವ ಯೋಚನೆ ಇದ್ದವರಿಗೆ ಅಲ್ಲಿನ ಆಸ್ತಿ ತೆರಿಗೆಯ ಭಾರ ಚೆನ್ನಾಗಿಯೇ ತಿಳಿಯುತ್ತದೆ.

ಅಮೆರಿಕದಲ್ಲಿ ಸಂಬಳ ಹೆಚ್ಚಾಗಿ ಎರಡು ವಾರಕ್ಕೊಮ್ಮೆ ಬರುತ್ತದೆ, ಅಂದರೆ ವರ್ಷಕ್ಕೆ 26 ಕಂತು. ಕೆಲವು ಕಂಪನಿಗಳು ತಿಂಗಳಿಗೆ ಎರಡು ಬಾರಿಯಂತೆ 24 ಕಂತು ಕೊಡುತ್ತವೆ. ಟೆಕ್ಸಾಸ್‌ನ ನಮ್ಮ ಉದಾಹರಣೆಯಲ್ಲಿ 26 ಕಂತಾದರೆ ಪ್ರತಿ ಬಾರಿ 3,295 ಡಾಲರ್. ವರ್ಷದಲ್ಲಿ ಸಾಮಾನ್ಯವಾಗಿ ಎರಡು ತಿಂಗಳಲ್ಲಿ ಮಾತ್ರ ಮೂರು ಕಂತು ಬರುತ್ತದೆ, ಉಳಿದ ಹತ್ತು ತಿಂಗಳಲ್ಲಿ ಎರಡೇ. ಆದ್ದರಿಂದ ಬಾಡಿಗೆ, ಕಾರಿನ ಕಂತು, ದಿನಸಿ ಇವನ್ನು 6,590 ಡಾಲರ್‌ನೊಳಗೆ ಹೊಂದಿಸಬೇಕೇ ಹೊರತು ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದ 7,139ರಲ್ಲಿ ಅಲ್ಲ. ಊರಿನ ಸಾಲ ತೀರಿಸಲು ಪ್ರತಿ ತಿಂಗಳು ಹಣ ಕಳಿಸುವವರು ಈ ಚಿಕ್ಕ ಅಂಕಿಯನ್ನೇ ಆಧಾರವಾಗಿಟ್ಟುಕೊಂಡರೆ ಯಾವ ತಿಂಗಳೂ ಇಕ್ಕಟ್ಟಾಗುವುದಿಲ್ಲ.

ಏಳನೇ ಹೆಜ್ಜೆ: ಡಬ್ಲ್ಯು-4 ನಮೂನೆ

ಈವರೆಗೆ ಹಾಕಿದ್ದು ನಿಜವಾಗಿ ಕಟ್ಟಬೇಕಾದ ತೆರಿಗೆಯ ಲೆಕ್ಕ. ಕಂಪನಿ ಪ್ರತಿ ಕಂತಿನಲ್ಲಿ ಹಿಡಿದಿಡುವುದು, ಕೆಲಸಕ್ಕೆ ಸೇರಿದ ದಿನ ನೀವು ತುಂಬಿಕೊಡುವ ಡಬ್ಲ್ಯು-4 ನಮೂನೆಯ ಆಧಾರದ ಮೇಲೆ. ನಮ್ಮ ಟಿಡಿಎಸ್‌ನಂತೆ ಇದು ಮುಂಗಡ ಕಡಿತ. ಹೆಚ್ಚಾದರೆ ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ, ಕಡಿಮೆಯಾದರೆ ಏಪ್ರಿಲ್ 15ರೊಳಗೆ ಕೈಯಿಂದ ಕಟ್ಟಬೇಕು.

ದಂಪತಿಗಳಿಬ್ಬರೂ ದುಡಿಯುವ ಮನೆಗಳು ಈ ನಮೂನೆಯ ಎರಡನೇ ಭಾಗವನ್ನು ಬಹಳ ಎಚ್ಚರಿಕೆಯಿಂದ ಓದಬೇಕು. ಇಬ್ಬರಿಗೂ ತಲಾ 1,00,000 ಡಾಲರ್ ಸಂಬಳ, ಇಬ್ಬರೂ ‘ವಿವಾಹಿತರು, ಜಂಟಿ ಸಲ್ಲಿಕೆ’ ಎಂದು ಮಾತ್ರ ಗುರುತಿಸಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಪ್ರತಿ ಕಂಪನಿಯೂ ಮನೆಯಲ್ಲಿ ದುಡಿಯುವವರು ಒಬ್ಬರೇ ಎಂದು ಭಾವಿಸಿ ದಂಪತಿಯ ಪೂರ್ಣ ಡಿಡಕ್ಷನ್ನನ್ನೂ ಅಗಲವಾದ ಹಂತಗಳನ್ನೂ ಕೊಡುತ್ತದೆ. 2025ರ ದರದಲ್ಲಿ ಹೀಗೆ ತಲಾ 7,743 ಡಾಲರ್‌ನಂತೆ 15,486 ಡಾಲರ್ ಕಡಿತವಾದರೆ, ಇಬ್ಬರ ಆದಾಯ ಸೇರಿಸಿದಾಗ ನಿಜವಾದ ತೆರಿಗೆ 26,898 ಡಾಲರ್. ವರ್ಷವಿಡೀ ಕೈಗೆ ಹೆಚ್ಚು ಬಂದಂತೆ ಕಂಡ 11,400 ಡಾಲರ್ ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟಬೇಕಾಗುತ್ತದೆ, ದಂಡವೂ ಬೀಳಬಹುದು. ಎರಡು ಕೆಲಸಗಳ ಸಂಬಳ ಹತ್ತಿರಹತ್ತಿರವಾಗಿದ್ದರೆ, ಎರಡನೇ ಭಾಗದ ಚೌಕದಲ್ಲಿ ಇಬ್ಬರೂ ಗುರುತು ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಬೋನಸ್‌ಗೆ ಕಡಿತದ ನಿಯಮ ಬೇರೆ: ಕಂಪನಿಗಳು ಸಾಮಾನ್ಯವಾಗಿ ಫೆಡರಲ್ ತೆರಿಗೆಯಾಗಿ ಶೇ 22ನ್ನು ಒಂದೇ ಸಮನೆ ಹಿಡಿಯುತ್ತವೆ. ಮೇಲಿನ ಹಂತದಲ್ಲಿರುವವರಿಗೆ, ವಿಶೇಷವಾಗಿ ಷೇರುಗಳ ರೂಪದಲ್ಲಿ ದೊಡ್ಡ ಮೊತ್ತ ಬರುವವರಿಗೆ, ಇದು ಸಾಲುವುದಿಲ್ಲ. ಕೊರತೆಯ ಮೊತ್ತವನ್ನು ಆಗಲೇ ಬೇರೆ ಖಾತೆಯಲ್ಲಿ ತೆಗೆದಿಡುವುದು ಒಳ್ಳೆಯದು. ಭಾರತದಲ್ಲಿರುವ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲದಿದ್ದರೂ, ಅಮೆರಿಕದ ತೆರಿಗೆ ನಿವಾಸಿಗೆ ಅದು ಅಲ್ಲಿ ತೆರಿಗೆಗೆ ಒಳಪಡುವ ಆದಾಯ. ಸಂಬಳದಿಂದ ಅದಕ್ಕೆ ಯಾರೂ ಕಡಿತ ಮಾಡುವುದಿಲ್ಲವಾದ್ದರಿಂದ, ಡಬ್ಲ್ಯು-4ರ ನಾಲ್ಕನೇ ಭಾಗದಲ್ಲಿ ಆ ಆದಾಯವನ್ನು ತೋರಿಸಿ ಕಡಿತವನ್ನು ಹೆಚ್ಚಿಸಿಕೊಳ್ಳಬಹುದು.

ಮೊದಲ ವರ್ಷದ ಲೆಕ್ಕ

ವರ್ಷದ ನಡುವೆ ಅಮೆರಿಕಕ್ಕೆ ಬಂದವರಿಗೆ ಮೇಲಿನ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಎಚ್-1ಬಿ ಅಥವಾ ಎಲ್-1 (ಅದೇ ಕಂಪನಿಯೊಳಗಿನ ವರ್ಗಾವಣೆ) ವೀಸಾದಲ್ಲಿ ಮೊದಲ ಬಾರಿಗೆ ಜುಲೈ 2ರ ನಂತರ ಬಂದಿಳಿದವರು ಆ ವರ್ಷ 183 ದಿನಗಳ ವಾಸವನ್ನು ಮುಟ್ಟದ ಕಾರಣ ಸಾಮಾನ್ಯವಾಗಿ ಅನಿವಾಸಿಗಳು. ಅವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಅದಕ್ಕಿಂತ ಮೊದಲು ಬಂದವರಿಗೂ ವರ್ಷದ ಒಂದು ಭಾಗ ಮಾತ್ರ ನಿವಾಸಿ ಸ್ಥಾನವಿದ್ದರೆ ಅದು ಸಿಗುವುದಿಲ್ಲ. ದಂಪತಿಗಳು ಜಂಟಿಯಾಗಿ ಇಡೀ ವರ್ಷದ ನಿವಾಸಿಗಳೆಂದು ಆಯ್ಕೆ ಮಾಡಿಕೊಳ್ಳುವ ದಾರಿ ಇದೆ, ಆಗ ಭಾರತದಲ್ಲಿ ಆ ವರ್ಷ ಗಳಿಸಿದ ಸಂಬಳವನ್ನೂ ತೋರಿಸಬೇಕು. ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಅನಿವಾಸಿಗಳಾಗಿದ್ದರೂ ಸ್ಟ್ಯಾಂಡರ್ಡ್ ಡಿಡಕ್ಷನ್ ದೊರೆಯುತ್ತದೆ. ಇದು ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗಿಲ್ಲದ ಅನುಕೂಲ. ರಿಟರ್ನ್ ಸಲ್ಲಿಸುವಾಗ ಇದನ್ನು ಕೈಬಿಡಬಾರದು.

ಆಗಲೇ ತೆರಿಗೆ ನಿವಾಸಿಯಾಗಿದ್ದು, ಬೇರೆ ಆದಾಯವಿಲ್ಲದೆ ಜುಲೈನಲ್ಲಿ ಕೆಲಸಕ್ಕೆ ಸೇರಿದವರ ಸ್ಥಿತಿ ಇದಕ್ಕೆ ವಿರುದ್ಧ. ಸಂಬಳ ವಿಭಾಗದ ಸಾಫ್ಟ್‌ವೇರ್ ಪ್ರತಿ ಕಂತನ್ನೂ ಇಡೀ ವರ್ಷಕ್ಕೆ ವಿಸ್ತರಿಸಿ ಕಡಿತವನ್ನು ನಿರ್ಧರಿಸುತ್ತದೆ. ನಮ್ಮ ಎಂಜಿನಿಯರ್ ಅರ್ಧ ವರ್ಷ ಮಾತ್ರ ದುಡಿದಿದ್ದರೆ ಸುಮಾರು 7,870 ಡಾಲರ್ ಫೆಡರಲ್ ತೆರಿಗೆ ಕಡಿತವಾಗಿರುತ್ತದೆ, ನಿಜವಾದ ತೆರಿಗೆ ಸುಮಾರು 4,500 ಮಾತ್ರ. ಉಳಿದ 3,370 ಡಾಲರ್ ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ.

ಮೊದಲ ಪೇ ಸ್ಟಬ್ ಕೈಗೆ ಬಂದಾಗ ನಿಮ್ಮ ಕಾಗದದ ಲೆಕ್ಕವನ್ನು ಪಕ್ಕದಲ್ಲಿಟ್ಟು ಪ್ರತಿ ಸಾಲನ್ನೂ ಹೋಲಿಸಿ. ಫೈಕಾ ಡಾಲರ್‌ನಿಂದ ಡಾಲರ್‌ಗೆ ಹೊಂದಬೇಕು. ಫೆಡರಲ್ ಕಡಿತದಲ್ಲಿ ಕೆಲವು ಡಾಲರ್‌ಗಳ ವ್ಯತ್ಯಾಸ ಇರಬಹುದು: 2025ರ ಡಿಡಕ್ಷನ್ ವರ್ಷದ ನಡುವೆ 15,000ದಿಂದ 15,750ಕ್ಕೆ ಏರಿದರೂ ಆ ವರ್ಷದ ಕಡಿತದ ಕೋಷ್ಟಕಗಳು ಹಳೆಯ ಅಂಕಿಯಲ್ಲೇ ಉಳಿದಿದ್ದವು. ವ್ಯತ್ಯಾಸ ಐವತ್ತು ಡಾಲರ್ ಮೀರಿದರೆ ಡಬ್ಲ್ಯು-4ರಲ್ಲಿ ಗುರುತಿಸಿದ ವೈವಾಹಿಕ ಸ್ಥಿತಿ, ರಾಜ್ಯದ ಹೆಸರು ಮತ್ತು 401(ಕೆ) ಯಾವ ಬಗೆಯದು ಎಂಬ ಮೂರನ್ನು ಮೊದಲು ಪರಿಶೀಲಿಸಿ, ಎರಡನೇ ಕಂತಿನೊಳಗೆ ಸಂಬಳ ವಿಭಾಗಕ್ಕೆ ಬರೆದು ಕೇಳಿ. ಡಬ್ಲ್ಯು-4ನ್ನು ವರ್ಷದ ಯಾವ ದಿನ ಬೇಕಾದರೂ ಬದಲಿಸಿ ಕೊಡಬಹುದು.